ಕಳೆದುಕೊಂಡವರ ಹಣ ಅವರ ಕೈಗೇ ಮರಳಲಿ: ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರಿಗೆ ಬಹಿರಂಗ ಪತ್ರ

ಶ್ರೀ ಪ್ರಲ್ಹಾದ ಜೋಶಿಯವರಿಗೆ,
ಕೇಂದ್ರ ಗ್ರಾಹಕ ವ್ಯವಹಾರ, ಆಹಾರ ಮತ್ತು ಸಾರ್ವಜನಿಕ ವಿತರಣೆ ಸಚಿವರು,
ನವದೆಹಲಿ

ಮಾನ್ಯರೇ,

ನಾನು ರಾಣೆಬೆನ್ನೂರಿನವನು. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾಗಿದ್ದೇನೆ. ಈಗ ಮಂಗಳವಾರ ಮತ್ತು ಶನಿವಾರ ಮಧ್ಯಾಹ್ನ ಸ್ನೇಹಿತರೊಬ್ಬರ ಅಂಗಡಿಯ ಜಗಲಿಯಲ್ಲಿ ಕುಳಿತು, ಬಂದವರಿಗೆ ಅರ್ಜಿ, ದೂರು ಬರೆದುಕೊಡುತ್ತೇನೆ. ತಾವು ಧಾರವಾಡದವರು, ನಮ್ಮ ಪಕ್ಕದ ಜಿಲ್ಲೆಯವರು. ಹಾಗಾಗಿ ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ತಮ್ಮ ಇಲಾಖೆಯ ಅಡಿಯಲ್ಲಿರುವ ಕೇಂದ್ರ ಗ್ರಾಹಕರ ರಕ್ಷಣಾ ಪ್ರಾಧಿಕಾರಕ್ಕೆ, ಅನ್ಯಾಯವಾಗಿ ಪಡೆದ ಹಣವನ್ನು ಗ್ರಾಹಕರಿಗೆ ಮರಳಿ ಕೊಡಿಸುವ ಸ್ಪಷ್ಟ ಅಧಿಕಾರವನ್ನು ಕಾಯ್ದೆಯಲ್ಲೇ ಬರೆದುಕೊಡಬೇಕು ಎಂಬುದು ನನ್ನ ಬೇಡಿಕೆ. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ನಮ್ಮ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಒಬ್ಬ ತಾಯಿ ಇದ್ದಾರೆ. ಕಳೆದ ವರ್ಷ ಅವರು ಪಾಸ್‌ಬುಕ್ ಹಿಡಿದುಕೊಂಡು ಬಂದರು. ಬಹಳ ದಿನಗಳ ಮೇಲೆ ನಮೂದು ಮಾಡಿಸಿದ್ದರು. ಪ್ರತಿ ತಿಂಗಳೂ 99 ರೂಪಾಯಿ ಖರ್ಚು ಬಿದ್ದಿತ್ತು, ಹನ್ನೊಂದು ಸಲ. ವಿಚಾರಿಸಿದಾಗ ಗೊತ್ತಾಯಿತು: ರವಿಕೆಯ ವಿನ್ಯಾಸಗಳನ್ನು ತೋರಿಸುವ ಒಂದು ಮೊಬೈಲ್ ಆ್ಯಪ್, ‘ಏಳು ದಿನ ಉಚಿತ’ ಎಂದು ಹೇಳಿ ಅವರಿಂದ ಒಪ್ಪಿಗೆ ಒತ್ತಿಸಿಕೊಂಡಿತ್ತು. ಎಂಟನೆಯ ದಿನದಿಂದ ಹಣ ಕಡಿತ. ಹಣ ಕಡಿಯುವ ಮುನ್ನಾದಿನ ಸಂದೇಶ ಬರಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಸಂದೇಶ ಬಂದೂ ಇತ್ತು, ಇಂಗ್ಲಿಷಿನಲ್ಲಿ. ಅವರಿಗೆ ಇಂಗ್ಲಿಷ್ ಬಾರದು. ಒಟ್ಟು 1,089 ರೂಪಾಯಿ. ನಾಲ್ಕು ರವಿಕೆ ಹೊಲಿದ ಕೂಲಿ ಅದು.

ಅವರ ಪರವಾಗಿ 1915ಕ್ಕೆ ಕರೆ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲಿ ಮಾತನಾಡಬಹುದು, ಅದಕ್ಕೆ ತಮ್ಮ ಇಲಾಖೆಗೆ ಮನಃಪೂರ್ವಕ ವಂದನೆ. ಮೂರು ವಾರಗಳ ಮೇಲೆ ಕಂಪನಿ ಕೊನೆಯ ಮೂರು ತಿಂಗಳ ಹಣ, ಅಂದರೆ 297 ರೂಪಾಯಿ, ಖಾತೆಗೆ ಹಾಕಿತು. ‘ನಮ್ಮ ತಪ್ಪಿಲ್ಲ, ಸೌಹಾರ್ದಕ್ಕಾಗಿ ಕೊಡುತ್ತಿದ್ದೇವೆ’ ಎಂಬ ಒಕ್ಕಣೆಯೂ ಜೊತೆಗಿತ್ತು. ಸಹಾಯವಾಣಿ ಕೇಳಿಕೊಳ್ಳಬಲ್ಲದೇ ಹೊರತು ಆಜ್ಞೆ ಮಾಡಲಾರದು. ಉಳಿದ 792 ರೂಪಾಯಿಗಾಗಿ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗೋಣವೇ ಎಂದು ಕೇಳಿದೆ. ಅವರು ಲೆಕ್ಕ ಹಾಕಿದರು: ಹೋಗಿಬರುವ ಬಸ್ ಖರ್ಚು, ಅಂಗಡಿ ಮುಚ್ಚಿದ ದಿನದ ನಷ್ಟ, ಎಷ್ಟು ಸಲ ಹೋಗಬೇಕಾದೀತೋ ಎಂಬ ಅಂದಾಜು. ಬೇಡ ಎಂದರು. ಅವರ ಲೆಕ್ಕ ಸರಿಯಾಗಿತ್ತು. ಹರಿಹರದಲ್ಲಿರುವ ಅವರ ನಾದಿನಿಯ ಖಾತೆಯಿಂದಲೂ ಅದೇ ಆ್ಯಪ್‌ಗೆ ಹಣ ಹೋಗುತ್ತಿತ್ತು ಎಂದು ಆಮೇಲೆ ತಿಳಿಯಿತು. ಆಕೆ ದೂರು ಕೊಡಲಿಲ್ಲ, ಆಕೆಗೆ ಏನೂ ಬರಲಿಲ್ಲ.

ಈಗ ಇದನ್ನು ಕಂಪನಿಯ ಕಡೆಯಿಂದ ನೋಡಿ. ಇಂಥ ಹತ್ತು ಲಕ್ಷ ಜನರಿದ್ದಾರೆ ಎಂದು ಇಟ್ಟುಕೊಂಡರೆ ತಿಂಗಳಿಗೆ 9 ಕೋಟಿ 90 ಲಕ್ಷ ರೂಪಾಯಿ. ದೂರು ಕೊಟ್ಟ ಸಾವಿರದಲ್ಲೊಬ್ಬರಿಗೆ 297 ರೂಪಾಯಿ ಕೊಟ್ಟು ಕೈತೊಳೆದುಕೊಳ್ಳಬಹುದು. ಪ್ರಾಧಿಕಾರ ಎಚ್ಚೆತ್ತು, ಜಾಹೀರಾತು ದಾರಿ ತಪ್ಪಿಸುವಂತಿತ್ತು ಎಂದು ತೀರ್ಮಾನಿಸಿದರೂ ಗ್ರಾಹಕರ ರಕ್ಷಣಾ ಕಾಯ್ದೆಯ ಕಲಂ 21ರ ಪ್ರಕಾರ ಮೊದಲ ಸಲಕ್ಕೆ ಗರಿಷ್ಠ ದಂಡ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ. ನಾನು ಹೇಳಿದ ಲೆಕ್ಕದಲ್ಲಿ ಹತ್ತು ಲಕ್ಷವೆಂದರೆ ಒಂದು ದಿನದ ಗಳಿಕೆಯ ಮೂರನೆಯ ಒಂದು ಪಾಲೂ ಅಲ್ಲ. ಆ ದಂಡವೂ ಹೊಲಿಗೆಯ ತಾಯಿಗೆ ಬರುವುದಿಲ್ಲ. ಇಂಥ ಲೆಕ್ಕ ಮಾಡಲು ದೊಡ್ಡ ವ್ಯಾಪಾರಿಯೇ ಆಗಬೇಕಿಲ್ಲ. ನಮ್ಮ ಸಂತೆಯಲ್ಲಿ ತೂಕದ ಬಟ್ಟು ಸವೆಸಿ ಮಾರುವವನಿಗೂ ಇದು ಗೊತ್ತು: ಒಬ್ಬೊಬ್ಬರಿಂದ ಜಗಳವಾಡುವಷ್ಟು ದೊಡ್ಡ ಮೊತ್ತ ಕೀಳಬಾರದು.

2019ರ ಗ್ರಾಹಕರ ರಕ್ಷಣಾ ಕಾಯ್ದೆ ಬಂದಾಗ ನನ್ನಂಥವರು ನಿಜಕ್ಕೂ ಸಂಭ್ರಮಿಸಿದ್ದೆವು. 1986ರ ಕಾಯ್ದೆಯಲ್ಲಿ ನೊಂದವನು ತಾನೇ ಬಾಗಿಲು ತಟ್ಟಬೇಕಿತ್ತು. ಹೊಸ ಕಾಯ್ದೆ ಮೊದಲ ಬಾರಿಗೆ, ಎಲ್ಲ ಗ್ರಾಹಕರ ಪರವಾಗಿ ತಾನಾಗಿಯೇ ತನಿಖೆ ಮಾಡಿ ಕ್ರಮ ಕೈಗೊಳ್ಳುವ ಒಂದು ಪ್ರಾಧಿಕಾರವನ್ನು ಕಟ್ಟಿತು. 2020ರ ಜುಲೈ 24ರಂದು ಅದು ಅಸ್ತಿತ್ವಕ್ಕೆ ಬಂತು. ಅಂದಿನಿಂದ ಅದು ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಹೋಟೆಲುಗಳ ಸೇವಾ ಶುಲ್ಕದ ಬಗ್ಗೆ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ್ಯಪ್‌ಗಳಲ್ಲಿ ಗ್ರಾಹಕರನ್ನು ಸಿಕ್ಕಿಸುವ 13 ಬಗೆಯ ಕುತಂತ್ರಗಳನ್ನು, ‘ಡಾರ್ಕ್ ಪ್ಯಾಟರ್ನ್’ ಎನ್ನುತ್ತಾರಲ್ಲ, ಅವುಗಳನ್ನು 2023ರ ನವೆಂಬರ್ 30ರಂದು ಪಟ್ಟಿ ಮಾಡಿ ನಿಷೇಧಿಸಿತು. ನಮ್ಮ ಹೊಲಿಗೆಯ ತಾಯಿ ಬಿದ್ದ ಬಲೆಯೂ ಆ ಪಟ್ಟಿಯಲ್ಲಿದೆ. ರೋಗದ ಹೆಸರು ಸರಿಯಾಗಿ ಬರೆದಿದ್ದಾರೆ. ಔಷಧಿಯ ಚೀಟಿಯಲ್ಲಿ ಮಾತ್ರ ಒಂದು ಸಾಲು ಕಡಿಮೆ.

ಆ ಸಾಲು ಯಾವುದೆಂದು ತಿಳಿಯಲು ಕಲಂ 20 ಓದಬೇಕು. ಗ್ರಾಹಕರ ಹಕ್ಕಿನ ಉಲ್ಲಂಘನೆಯೋ ಅನುಚಿತ ವ್ಯಾಪಾರ ಪದ್ಧತಿಯೋ ನಡೆದಿದೆ ಎಂದು ತನಿಖೆಯಿಂದ ಮನವರಿಕೆಯಾದರೆ ಪ್ರಾಧಿಕಾರ ಅಗತ್ಯವಾದ ಆದೇಶ ಹೊರಡಿಸಬಹುದು ಎನ್ನುತ್ತದೆ ಅದು. ಆಮೇಲೆ ಮೂರು ಬಗೆಯ ಆದೇಶಗಳನ್ನು ಹೆಸರಿಸುತ್ತದೆ. ಅಪಾಯಕಾರಿಯಾದ ಸರಕನ್ನು ವಾಪಸು ಕರೆಸಿಕೊಳ್ಳುವುದು ಅಥವಾ ಸೇವೆಯನ್ನು ಹಿಂತೆಗೆಸುವುದು ಒಂದು. ಹಾಗೆ ವಾಪಸು ಕರೆಸಿಕೊಂಡದ್ದರ ಬೆಲೆಯನ್ನು ಕೊಂಡವರಿಗೆ ಮರಳಿಸುವುದು ಎರಡನೆಯದು. ಅನುಚಿತ ಪದ್ಧತಿಯನ್ನು ನಿಲ್ಲಿಸುವುದು ಮೂರನೆಯದು. ಗಮನಿಸಿ: ಹಣ ಮರಳಿಸುವ ಮಾತು ಬರುವುದು ‘ಹಾಗೆ ವಾಪಸು ಕರೆಸಿಕೊಂಡ’ ಸರಕು, ಸೇವೆಯ ಬೆನ್ನಿಗೆ ಮಾತ್ರ. ಅಡುಗೆಮನೆಯಲ್ಲಿ ಸಿಡಿಯಬಹುದಾದ ಕುಕ್ಕರ್ ಮಾರಿದರೆ ಹಣ ಹಿಂದಿರುಗಿಸಬೇಕು. ಯಾರ ಮೈಗೂ ಗಾಯವಾಗದಂತೆ, ಖಾತೆಯಿಂದ ತಿಂಗಳು ತಿಂಗಳು ಹಣ ಹೀರಿದರೆ ‘ಇನ್ನು ನಿಲ್ಲಿಸು’ ಎಂದಷ್ಟೇ ಹೇಳಲು ಕಾಯ್ದೆ ಸ್ಪಷ್ಟ ಮಾತಿನಲ್ಲಿ ಅವಕಾಶ ಕೊಡುತ್ತದೆ. ಹಿಂದಿನದ್ದು ಹಿಂದಕ್ಕೇ ಹೋಯಿತು.

ಕುಕ್ಕರಿನ ಉದಾಹರಣೆ ಸುಮ್ಮನೆ ಕೊಟ್ಟದ್ದಲ್ಲ. ಕಡ್ಡಾಯ ಗುಣಮಟ್ಟದ ಮಾನದಂಡ ಪಾಲಿಸದ ಪ್ರೆಶರ್ ಕುಕ್ಕರುಗಳ ಮಾರಾಟಕ್ಕೆ ಅವಕಾಶ ಮಾಡಿಕೊಟ್ಟದ್ದಕ್ಕಾಗಿ 2022ರ ಆಗಸ್ಟ್‌ನಲ್ಲಿ ಪ್ರಾಧಿಕಾರ ಅಮೆಜಾನ್ ಮೇಲೆ ಒಂದು ಲಕ್ಷ ರೂಪಾಯಿ ದಂಡ ಹಾಕಿತು. ಮಾರಾಟವಾಗಿದ್ದ 2,265 ಕುಕ್ಕರುಗಳನ್ನು ಕೊಂಡವರಿಗೆಲ್ಲ ತಿಳಿಸಿ, ಸರಕು ವಾಪಸು ಪಡೆದು, ಹಣ ಮರಳಿಸಲು ಆದೇಶಿಸಿತು. ಫ್ಲಿಪ್‌ಕಾರ್ಟ್‌ಗೂ 598 ಕುಕ್ಕರುಗಳ ವಿಷಯದಲ್ಲಿ ಅಂಥದೇ ಆದೇಶ ಹೋಯಿತು. ಎಷ್ಟು ಕುಕ್ಕರು, ಯಾರ ಮನೆಗೆ, ಯಾವ ದಿನ ಎಂಬುದೆಲ್ಲ ಲೆಕ್ಕಕ್ಕೆ ಸಿಕ್ಕಿತು ಎಂಬುದನ್ನು ತಾವು ಗಮನಿಸಬೇಕು. ಕೊಂಡವರು ಯಾರು ಎಂದೇ ಗೊತ್ತಿಲ್ಲ ಎಂಬ ಹಳೆಯ ನೆಪ ಈ ಕಾಲದಲ್ಲಿ ನಡೆಯುವುದಿಲ್ಲ.

ಇದಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ಬೆಂಗಳೂರಿನ ಕಡೆಯೇ ಇದೆ. ವಿದ್ಯುತ್ ಸ್ಕೂಟರುಗಳಿಗೆ ಕೇಂದ್ರದ ಸಹಾಯಧನ ಸಿಗಬೇಕಾದರೆ ಬೆಲೆ ಒಂದು ಮಿತಿಯ ಒಳಗಿರಬೇಕಿತ್ತು. ಬೆಲೆ ಕಡಿಮೆ ಕಾಣಲೆಂದು ಕೆಲವು ತಯಾರಕರು ಚಾರ್ಜರಿಗೆ ಬೇರೆಯದೇ ಬಿಲ್ಲು ಹಾಕಿದ್ದರು. ಭಾರಿ ಕೈಗಾರಿಕೆ ಸಚಿವಾಲಯ ಇದನ್ನು ಹಿಡಿಯಿತು. 2023ರಲ್ಲಿ ಓಲಾ ಎಲೆಕ್ಟ್ರಿಕ್, ಏಥರ್, ಟಿವಿಎಸ್‌ನಂಥ ಕಂಪನಿಗಳು ಚಾರ್ಜರಿನ ಹಣವನ್ನು ಗ್ರಾಹಕರಿಗೆ ಮರಳಿಸಲು ಒಪ್ಪಿದವು. ನಮ್ಮ ಊರಿನ ಮೇಷ್ಟ್ರೊಬ್ಬರಿಗೆ ಅವರು ಕೇಳದೆಯೇ ಹಣ ಬಂತು. ಒಬ್ಬ ಗ್ರಾಹಕನೂ ವಕೀಲರನ್ನು ಹಿಡಿಯಬೇಕಾಗಲಿಲ್ಲ. ಹಾಗಾದರೆ ಕಂಪನಿಗಳು ಯಾಕೆ ಒಪ್ಪಿದವು? ಸಹಾಯಧನವೆಂಬ ಲಗಾಮು ಸರ್ಕಾರದ ಕೈಯಲ್ಲಿತ್ತು. ಗ್ರಾಹಕರ ರಕ್ಷಣಾ ಪ್ರಾಧಿಕಾರದ ಕೈಗೆ ಅಂಥ ಲಗಾಮನ್ನು ಕಾಯ್ದೆಯ ಮೂಲಕವೇ ಕೊಡಬೇಕು, ಬೇರೆ ದಾರಿಯಿಲ್ಲ.

ಪ್ರಾಧಿಕಾರ ಈಗಾಗಲೇ ಹಣ ಕೊಡಿಸುತ್ತಿದೆಯಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ನಿಜ. 2025ರ ಆಗಸ್ಟ್‌ನಲ್ಲಿ ರ‍್ಯಾಪಿಡೊ ಮೇಲೆ 10 ಲಕ್ಷ ರೂಪಾಯಿ ದಂಡ ವಿಧಿಸಿದ ಆದೇಶವನ್ನು ನಾನು ಆಸಕ್ತಿಯಿಂದ ಗಮನಿಸಿದ್ದೇನೆ. ‘ಐದು ನಿಮಿಷದಲ್ಲಿ ಆಟೊ, ಇಲ್ಲವೇ 50 ರೂಪಾಯಿ’ ಎಂದು ಜಾಹೀರಾತು. ಕೊಟ್ಟದ್ದು ರೂಪಾಯಿಯಲ್ಲ, ಏಳು ದಿನದಲ್ಲಿ ಮುಗಿದುಹೋಗುವ, ಬೈಕ್ ಸವಾರಿಗೆ ಮಾತ್ರ ಸಲ್ಲುವ ‘ನಾಣ್ಯ’. ಭರವಸೆ ನೀಡಿದ 50 ರೂಪಾಯಿ ಸಿಗದವರಿಗೆಲ್ಲ ಆ ಹಣ ಕೊಡಬೇಕೆಂದು ಪ್ರಾಧಿಕಾರ ಹೇಳಿತು. ಅಂಥ ಆದೇಶಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಅದು ನಿಂತಿರುವ ನೆಲ ಮೆದು. ಕಲಂ 20ರಲ್ಲಿ ಆ ಮೂರು ಬಗೆಯ ಆದೇಶಗಳಿಗೆ ಮುಂಚೆ ‘ಸೇರಿದಂತೆ’ ಎಂಬ ಅರ್ಥದ ಒಂದೇ ಒಂದು ಪದವಿದೆ. ಮೂರಲ್ಲದೆ ಬೇರೆ ಆದೇಶಗಳನ್ನೂ ಮಾಡಬಹುದು ಎಂದು ಆ ಪದದಿಂದ ಅರ್ಥ ಹೊರಡಿಸಬಹುದು. ಮರುಪಾವತಿಯ ಬಗ್ಗೆ ಕಾಯ್ದೆ ಮಾತನಾಡಿದ್ದು ವಾಪಸು ಕರೆಸಿಕೊಂಡ ಸರಕಿನ ವಿಷಯದಲ್ಲಿ ಮಾತ್ರ, ಉಳಿದಲ್ಲಿ ಶಾಸಕಾಂಗ ಬೇಕೆಂದೇ ಮೌನವಾಗಿದೆ ಎಂದು ಒಬ್ಬ ಸಮರ್ಥ ವಕೀಲರು ನಾಳೆ ಅಷ್ಟೇ ಗಟ್ಟಿಯಾಗಿ ವಾದಿಸಬಹುದು. ಐವತ್ತು ರೂಪಾಯಿಯ ಪ್ರಶ್ನೆಗೆ ಯಾರೂ ಅಷ್ಟು ದೂರ ಹೋಗದಿರಬಹುದು. ಐನೂರು ಕೋಟಿಯ ಪ್ರಶ್ನೆ ಬಂದಾಗ ಹೋಗಿಯೇ ಹೋಗುತ್ತಾರೆ.

ಇದು ನನ್ನ ಊಹೆಯಲ್ಲ, ಅಮೆರಿಕದಲ್ಲಿ ನಡೆದೇ ಹೋಗಿದೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ವ್ಯಾಪಾರದಲ್ಲಿನ ಮೋಸದಿಂದ ಗ್ರಾಹಕರನ್ನು ಕಾಯುವ, 1914ರಿಂದ ಇರುವ ಸಂಸ್ಥೆ. ಅದರ ಕಾಯ್ದೆಗೆ 1973ರಲ್ಲಿ 13(ಬಿ) ಎಂಬ ಕಲಂ ಸೇರಿತು. ಅಕ್ರಮ ಪದ್ಧತಿಗೆ ತಡೆಯಾಜ್ಞೆ ಕೊಡಿ ಎಂದು ನೇರವಾಗಿ ನ್ಯಾಯಾಲಯವನ್ನು ಕೇಳಲು ಅದು ಅವಕಾಶ ಕೊಟ್ಟಿತ್ತು. ತಡೆಯಾಜ್ಞೆ ಎಂದರೆ ಹಣ ಮರಳಿಸುವ ಆಜ್ಞೆಯೂ ಅದರೊಳಗೆ ಬಂತು ಎಂದು ಕೆಳ ನ್ಯಾಯಾಲಯಗಳು ದಶಕಗಳ ಕಾಲ ಒಪ್ಪುತ್ತಾ ಬಂದವು. ನೂರಾರು ಕೋಟಿ ಡಾಲರ್ ಜನರಿಗೆ ಮರಳಿತು. ಆಮೇಲೆ ಅಲ್ಪಾವಧಿ ಸಾಲ ಕೊಡುವ ಒಂದು ವ್ಯವಹಾರದ ಮೊಕದ್ದಮೆ ಬಂತು. 300 ಡಾಲರ್ ಸಾಲ ಪಡೆದವನು 390 ಡಾಲರ್ ತೀರಿಸಿದರೆ ಸಾಕು ಎಂದು ತಿಳಿದಿದ್ದ, ಒಪ್ಪಂದದ ಸಣ್ಣ ಅಕ್ಷರಗಳ ಪ್ರಕಾರ 975 ಡಾಲರ್ ಕಟ್ಟಬೇಕಾಗಿತ್ತು. 127 ಕೋಟಿ ಡಾಲರ್ ಮರಳಿಸುವಂತೆ ಕೆಳಗೆ ಆದೇಶವಾಗಿತ್ತು. 2021ರ ಏಪ್ರಿಲ್ 22ರಂದು ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು: ಕಲಮಿನಲ್ಲಿ ಬರೆದಿರುವುದು ತಡೆಯಾಜ್ಞೆ ಎಂದು ಮಾತ್ರ, ಹಣ ಮರಳಿಸುವ ಮಾತು ಅಲ್ಲಿಲ್ಲ. ಬೇಕಿದ್ದರೆ ಸಂಸತ್ತು ಬರೆಯಲಿ. ಒಂದೇ ದಿನದಲ್ಲಿ ದಶಕಗಳ ದಾರಿ ಮುಚ್ಚಿತು. ಅದನ್ನು ಸರಿಪಡಿಸುವ ಮಸೂದೆ ಅದೇ ಜುಲೈನಲ್ಲಿ ಕೆಳಮನೆಯಲ್ಲಿ ಅಂಗೀಕಾರವಾಯಿತು, ಸೆನೆಟ್ ದಾಟಲಿಲ್ಲ.

ನ್ಯಾಯಮೂರ್ತಿಗಳ ಮೇಲೆ ನನಗೆ ಸಿಟ್ಟಿಲ್ಲ. ಬರೆದಿಲ್ಲದ ಅಧಿಕಾರವನ್ನು ಇದೆ ಎಂದು ಹೇಳುವುದು ಅವರ ಕೆಲಸವಲ್ಲ. ಬರೆಯಬೇಕಾದವರು ಬರೆಯದೆ ಬಿಟ್ಟದ್ದರ ಫಲ ಅದು. ಅದೇ ಫೆಡರಲ್ ಟ್ರೇಡ್ ಕಮಿಷನ್, ಸ್ಪಷ್ಟವಾಗಿ ಬರೆದಿರುವ ಬೇರೆ ಕಾನೂನುಗಳ ಬಲದಿಂದ, ಸದಸ್ಯತ್ವದ ಬಲೆಯ ವಿಷಯದಲ್ಲೇ ಅಮೆಜಾನ್ ಜೊತೆ 2025ರ ಸೆಪ್ಟೆಂಬರ್‌ನಲ್ಲಿ 250 ಕೋಟಿ ಡಾಲರಿನ ರಾಜಿ ಮಾಡಿಕೊಂಡಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ. ಎಷ್ಟೋ ಜನರಿಗೆ ಅರ್ಜಿಯ ಹಂಗಿಲ್ಲದೆ ತಾನಾಗಿಯೇ ಹಣ ಹೋಗುವ ಏರ್ಪಾಡೂ ಅದರಲ್ಲಿದೆ. ಬ್ರಿಟನ್ 2024ರಲ್ಲಿ ಹೊಸ ಕಾಯ್ದೆ ಮಾಡಿ, 2025ರ ಏಪ್ರಿಲ್‌ನಿಂದ ತನ್ನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರಕ್ಕೆ ಜಾಗತಿಕ ವಹಿವಾಟಿನ ಶೇ 10ರವರೆಗೆ ದಂಡ ಹಾಕುವ, ಗ್ರಾಹಕರಿಗೆ ಪರಿಹಾರ ಕೊಡಿಸುವ ಅಧಿಕಾರವನ್ನು ನೇರವಾಗಿ ಕೊಟ್ಟಿದೆ.

ಹೊರದೇಶದ ಮಾತು ಸಾಕು. ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ನಮ್ಮ ಸೆಬಿಯನ್ನೇ ನೋಡಿ. 2003ರಿಂದ 2005ರವರೆಗೆ ಹೊಸ ಷೇರುಗಳ ಹಂಚಿಕೆಯಲ್ಲಿ ಸುಳ್ಳು ಹೆಸರಿನ ಖಾತೆಗಳ ಮೋಸ ನಡೆಯಿತು. ಸಣ್ಣ ಹೂಡಿಕೆದಾರರಿಗೆ ಸಿಗಬೇಕಿದ್ದ ಷೇರು ಬೇರೆಯವರ ಪಾಲಾಯಿತು. ಸೆಬಿ ಅಕ್ರಮ ಲಾಭವನ್ನು ಕಕ್ಕಿಸಿ, ನ್ಯಾಯಮೂರ್ತಿ ವಾಧ್ವಾ ಸಮಿತಿ ಹಾಕಿಕೊಟ್ಟ ಲೆಕ್ಕದ ಪ್ರಕಾರ, 2010ರಲ್ಲಿ 12 ಲಕ್ಷಕ್ಕೂ ಹೆಚ್ಚು ಜನರಿಗೆ ಹಣ ಹಂಚಿತು. ಆಗ ನಾನು ಕೌಂಟರಿನಲ್ಲಿದ್ದೆ. ಕೆಲವು ಗ್ರಾಹಕರು ಬಂದು ‘ಈ ಹಣ ಎಲ್ಲಿಯದು?’ ಎಂದು ಕೇಳಿದ್ದು ನೆನಪಿದೆ. ತಾವು ಮೋಸಹೋಗಿದ್ದೆವು ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಮುಂದೆ 2014ರಲ್ಲಿ ಸಂಸತ್ತು ಸೆಬಿ ಕಾಯ್ದೆಗೆ ತಿದ್ದುಪಡಿ ತಂದು, ಅಕ್ರಮ ಲಾಭ ಕಕ್ಕಿಸುವ ಅಧಿಕಾರವನ್ನು ಸಂಶಯಕ್ಕೆಡೆಯಿಲ್ಲದಂತೆ ಬರೆಯಿತು. ಕಲಂ 28ಎ ಸೇರಿಸಿ ವಸೂಲಾತಿ ಅಧಿಕಾರಿಯನ್ನೂ ಕೊಟ್ಟಿತು. ಆತ ಬ್ಯಾಂಕ್ ಖಾತೆ ಜಪ್ತಿ ಮಾಡಬಲ್ಲ, ಆಸ್ತಿ ಹರಾಜು ಹಾಕಬಲ್ಲ. ಷೇರು ಕೊಳ್ಳುವವನಿಗೆ ಸಿಕ್ಕ ಈ ರಕ್ಷಣೆ ಅಕ್ಕಿ, ಔಷಧಿ, ಮೊಬೈಲ್ ಕರೆನ್ಸಿ ಕೊಳ್ಳುವವನಿಗೆ ಯಾಕಿಲ್ಲ? ನಮ್ಮ ಪ್ರಾಧಿಕಾರದ ಆದೇಶ ಪಾಲಿಸದವನಿಗೆ ಕಲಂ 88ರ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 20 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎಂದಿದೆ. ಅದಕ್ಕೆ ಮತ್ತೊಂದು ಮೊಕದ್ದಮೆ ಹೂಡಬೇಕು. ಅಷ್ಟರಲ್ಲಿ ಖಾತೆ ಖಾಲಿಯಾಗಿರುತ್ತದೆ.

ಬೀಜದ ಮಾತನ್ನು ಹೇಳದೆ ರಾಣೆಬೆನ್ನೂರಿನವನು ಪತ್ರ ಮುಗಿಸುವಂತಿಲ್ಲ. ನಮ್ಮದು ಬೀಜದ ಊರು. ಸುತ್ತಲಿನ ಹಳ್ಳಿಗಳಲ್ಲಿ ಹೈಬ್ರಿಡ್ ಬೀಜ ಬೆಳೆಯುತ್ತಾರೆ, ಪೇಟೆಯಲ್ಲಿ ಮಾರುತ್ತಾರೆ, ಒಂದೊಂದು ಸಲ ಅದೇ ಬೀಜದಿಂದ ಮುಳುಗುತ್ತಾರೆ. ಕೆಲವು ವರ್ಷಗಳ ಹಿಂದೆ ಒಂದೇ ಕಂಪನಿಯ, ಒಂದೇ ಲಾಟ್ ನಂಬರಿನ ಮೆಣಸಿನ ಬೀಜವನ್ನು ಮೂರ‍್ನಾಲ್ಕು ಹಳ್ಳಿಗಳ ನಲವತ್ತಕ್ಕೂ ಹೆಚ್ಚು ರೈತರು ತಂದರು. ಸಸಿ ಚೆನ್ನಾಗಿಯೇ ಬಂತು, ಗಿಡ ಸೊಂಟದೆತ್ತರ ಬೆಳೆಯಿತು, ಹೂವೂ ಬಿಟ್ಟಿತು. ಕಾಯಿ ಕಟ್ಟಲಿಲ್ಲ. ಕಟ್ಟಿದ್ದೂ ಮುರುಟಿತು. ಅಧಿಕಾರಿಗಳು, ತಜ್ಞರು ಹೊಲಕ್ಕೆ ಬಂದು ನೋಡಿ ವರದಿ ಬರೆದರು. ನಲವತ್ತು ಜನರಲ್ಲಿ ಆಯೋಗಕ್ಕೆ ಹೋದವರು ಮೂವರು. ಕಾಗದಪತ್ರ ಹೊಂದಿಸಿಕೊಟ್ಟವನು ನಾನೇ. ಬೀಜದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿಲ್ಲ ಎಂಬುದೇ ಕಂಪನಿಯ ಮೊದಲ ತಕರಾರು. ಬಿತ್ತಿದ ಮೇಲೆ ರೈತನ ಬಳಿ ಬೀಜ ಎಲ್ಲಿ ಉಳಿಯುತ್ತದೆ? ರೈತನೂ ಗ್ರಾಹಕನೇ, ಬೀಜ ತೆಗೆದಿಡಬೇಕಿತ್ತೆಂದು ಅವನಿಂದ ಅಪೇಕ್ಷಿಸಲಾಗದು ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿಯಾಗಿತ್ತು. ಆ ತೀರ್ಪನ್ನು ಮುಂದಿಟ್ಟು ವಾದಿಸಿ ಗೆದ್ದೆವು. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು ಎಂದು ಕಾಯ್ದೆ ಹೇಳುವ ದೂರಿಗೆ ಎರಡೂವರೆ ವರ್ಷ ಹಿಡಿಯಿತು. ಮೂವರಿಗೆ ಪರಿಹಾರ ಬಂತು. ಅದೇ ಲಾಟಿನ ಬೀಜ ಬಿತ್ತಿದ್ದ ಉಳಿದವರಿಗೆ, ತಪ್ಪು ಸಾಬೀತಾದ ಮೇಲೂ, ಒಂದು ಬಿಡಿಗಾಸಿಲ್ಲ. ಅವರಲ್ಲೊಬ್ಬರು ಆ ವರ್ಷವೇ ಎರಡೆಕರೆ ಮಾರಿದರು. ಆ ಹೊಲದ ಪಕ್ಕದಲ್ಲೇ ನನ್ನ ತಂಗಿಯ ಮನೆಗೆ ದಾರಿ. ಹೋಗುವಾಗಲೆಲ್ಲ ನೋಡುತ್ತೇನೆ.

ಗುಂಪಿಗಾಗಿ ದೂರು ಕೊಡುವ ದಾರಿಗಳು ಕಾಯ್ದೆಯಲ್ಲಿ ಇಲ್ಲವೇ ಎಂದು ಕೇಳಬಹುದು. ಇವೆ. ಒಂದೇ ಹಿತಾಸಕ್ತಿಯ ಹಲವರ ಪರವಾಗಿ ಒಬ್ಬರು ದೂರು ಕೊಡಬಹುದು, ಪ್ರಾಧಿಕಾರವೇ ಆಯೋಗದ ಮುಂದೆ ದೂರುದಾರನಾಗಬಹುದು. ಸುಲಭವಾಗಿ ಗುರುತಿಸಲಾಗದ ಬಹುಸಂಖ್ಯಾತ ಗ್ರಾಹಕರಿಗೆ ನಷ್ಟವಾಗಿದ್ದರೆ ಸರಕಿನ ಮೌಲ್ಯದ ಕನಿಷ್ಠ ಶೇ 25ರಷ್ಟು ಮೊತ್ತ ಕಟ್ಟಿಸಲು ಕಲಂ 39 ಅವಕಾಶ ಕೊಟ್ಟಿದೆ. ಆದರೆ ಮೂವರು ರೈತರ ದೂರಿಗೇ ಎರಡೂವರೆ ವರ್ಷ ಹಿಡಿಯುವಲ್ಲಿ ಮೂರು ಲಕ್ಷ ಜನರ ದೂರಿಗೆ ಎಷ್ಟು ಹಿಡಿದೀತು? 2020ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ಬಿಗ್ ಬಜಾರ್ ಮಳಿಗೆಗಳಲ್ಲಿ ಮೊದಲೇ ತಿಳಿಸದೆ ಕೈಚೀಲಕ್ಕೆ ಹಣ ಪಡೆಯುವ ಪದ್ಧತಿಯನ್ನು ಕೂಡಲೇ ನಿಲ್ಲಿಸಲು ಆದೇಶಿಸಿತು. ಒಳ್ಳೆಯ ಆದೇಶ. ದೂರು ಕೊಟ್ಟವರ ಹಣ ಬಂತು. ಅಷ್ಟರವರೆಗೆ ಚೀಲಕ್ಕೆ ಹಣ ತೆತ್ತ ಉಳಿದವರ ಲೆಕ್ಕವನ್ನು ಯಾರೂ ತೆಗೆಯಲಿಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟು. ಕಲಂ 20ರಲ್ಲಿ ಮರುಪಾವತಿಯನ್ನು ಅಪಾಯಕಾರಿ ಸರಕಿಗೆ ಕಟ್ಟಿಹಾಕಿರುವ ಮಾತುಗಳನ್ನು ಬಿಚ್ಚಿ. ಅನುಚಿತ ವ್ಯಾಪಾರ ಪದ್ಧತಿಯಿಂದ ಪಡೆದ ಯಾವುದೇ ಹಣವನ್ನು ಬಡ್ಡಿಸಹಿತ, ತೊಂದರೆಗೊಳಗಾದ ಪ್ರತಿಯೊಬ್ಬರಿಗೂ ಮರಳಿಸುವಂತೆ ಪ್ರಾಧಿಕಾರ ಆದೇಶಿಸಬಹುದು ಎಂದು ನೇರವಾಗಿ ಬರೆಯಿರಿ. ವಸೂಲಾತಿಗೆ ಸೆಬಿಯ 28ಎ ಮಾದರಿಯ ಅಧಿಕಾರಿಯನ್ನು ಕೊಡಿ. ತನಿಖೆ ನಡೆಯುತ್ತಿರುವಾಗ ಹಣ ಸಾಗಿಸಿಬಿಡುವ ಸೂಚನೆ ಕಂಡರೆ ಖಾತೆ ತಡೆಹಿಡಿಯುವ ಅಧಿಕಾರವೂ ಅದರಲ್ಲಿರಲಿ.

ಹಣ ಹೇಗೆ ಮರಳಬೇಕು ಎಂಬುದು ನನಗೆ ಅಧಿಕಾರದಷ್ಟೇ ಮುಖ್ಯ. ಜಮೀನಿನ ಹೆಸರಿನಲ್ಲಿ ಜನರಿಂದ ಹಣ ಕಟ್ಟಿಸಿಕೊಂಡಿದ್ದ ಪಿಎಸಿಎಲ್ ಕಂಪನಿಯ ಹೂಡಿಕೆದಾರರಿಗೆ ಹಣ ಮರಳಿಸಲು 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನ್ಯಾಯಮೂರ್ತಿ ಲೋಧಾ ಅವರ ಸಮಿತಿ ರಚನೆಯಾಯಿತು. ನಮ್ಮ ಕಡೆಯ ಕೂಲಿಕಾರರು, ಹೂವು ಮಾರುವವರು ಅದರಲ್ಲಿ ಹಣ ಕಟ್ಟಿದ್ದರು. ಅವರ ಅರ್ಜಿಗಳನ್ನು ನಾನು ತುಂಬಿಕೊಟ್ಟಿದ್ದೇನೆ. ಮೂಲ ರಸೀದಿ ಬೇಕು, ಪಾನ್ ಕಾರ್ಡ್ ಬೇಕು, ರಸೀದಿಯಲ್ಲಿ ‘ಬಸಮ್ಮ’ ಎಂದಿದ್ದು ಬ್ಯಾಂಕ್ ಖಾತೆಯಲ್ಲಿ ‘ಬಸವ್ವ’ ಎಂದಿದ್ದರೆ ಅರ್ಜಿ ತಿರಸ್ಕೃತ. ಹಣ ಕಳೆದುಕೊಂಡವರೇ ಮತ್ತೆ ಸಾಕ್ಷಿ ಹೊತ್ತು ತಿರುಗಿದರು. ಇನ್ನು ಮುಂದೆ ಹೀಗಾಗಬಾರದು. ಹಣ ಯಾವ ಖಾತೆಯಿಂದ ಬಂತು ಎಂಬುದು ಕಂಪನಿಯ ಗಣಕದಲ್ಲಿದೆ. ಅದೇ ಖಾತೆಗೆ, ಅರ್ಜಿ ಕೇಳದೆ, ಗೊತ್ತುಪಡಿಸಿದ ದಿನದೊಳಗೆ ಮರಳಿಸುವ ಹೊಣೆ ಕಂಪನಿಯದೇ ಆಗಲಿ. ಯಾರಿಗೆ ಎಷ್ಟು ಕೊಟ್ಟೆ ಎಂಬ ಲೆಕ್ಕವನ್ನು ಅದು ಪ್ರಾಧಿಕಾರಕ್ಕೆ ಒಪ್ಪಿಸಲಿ. ನಗದು ಕೊಟ್ಟು ಕೊಂಡವರಿಗೆ ಮಾತ್ರ ಅರ್ಜಿಯ ದಾರಿ ಇಡಿ, ಅದು ಕನ್ನಡದಲ್ಲೂ ಇರಲಿ. ಕೊನೆಗೂ ಗುರುತು ಸಿಗದವರ ಹಣ ಗ್ರಾಹಕರ ಕಲ್ಯಾಣ ನಿಧಿಗೆ ಹೋಗಲಿ. ಜಿಎಸ್‌ಟಿ ಇಳಿಸಿದಾಗ ಬೆಲೆ ಇಳಿಸದೆ ಲಾಭ ಮಾಡಿಕೊಂಡವರಿಂದ ವಸೂಲು ಮಾಡಿದ ಹಣಕ್ಕೆ ಇದೇ ದಾರಿ ಇತ್ತು. ಆ ನಿಧಿಯಿಂದ, ದಿವಾಳಿಯಾದ ಕಂಪನಿಗಳಿಂದ ಏನೂ ಸಿಗದವರಿಗೆ ಒಂದಿಷ್ಟಾದರೂ ಕೊಡುವಂತಿರಬೇಕು.

ಒಂದು ಆಕ್ಷೇಪಣೆಯನ್ನು ನಾನು ಗೌರವದಿಂದ ಪರಿಗಣಿಸುತ್ತೇನೆ. ತನಿಖೆ ಮಾಡುವವರೂ ತೀರ್ಪು ಕೊಡುವವರೂ ಒಂದೇ ಸಂಸ್ಥೆಯಾದರೆ, ಅದರ ಕೈಗೆ ನೂರಾರು ಕೋಟಿ ವಸೂಲು ಮಾಡುವ ಅಧಿಕಾರ ಕೊಡುವುದು ಸರಿಯೇ? ಕಾಯ್ದೆಯಲ್ಲಿ ತನಿಖಾ ವಿಭಾಗ ಮಹಾನಿರ್ದೇಶಕರ ಅಡಿಯಲ್ಲಿ ಪ್ರತ್ಯೇಕವಾಗಿದೆ, ಆದೇಶಕ್ಕೆ ಮುನ್ನ ಎದುರು ಪಕ್ಷದ ಮಾತು ಕೇಳಬೇಕೆಂದಿದೆ, 30 ದಿನದೊಳಗೆ ರಾಷ್ಟ್ರೀಯ ಆಯೋಗಕ್ಕೆ ಮೇಲ್ಮನವಿಯೂ ಉಂಟು. ಆದರೂ ಅಧಿಕಾರ ದೊಡ್ಡದಾದಾಗ ಕಾವಲೂ ದೊಡ್ಡದಾಗಬೇಕು. ಒಂದು ಮಿತಿ ದಾಟಿದ ಮರುಪಾವತಿ ಆದೇಶಕ್ಕೆ ರಾಷ್ಟ್ರೀಯ ಆಯೋಗದ ಒಪ್ಪಿಗೆ ಬೇಕೆಂದು ಇಡಿ, ಅದಕ್ಕೆ ಕಾಲಮಿತಿಯನ್ನೂ ಹಾಕಿ. ಪ್ರಾಧಿಕಾರದ ಮುಖ್ಯ ಆಯುಕ್ತರ ಹುದ್ದೆಗೆ ಇಲಾಖೆಯ ಅಧಿಕಾರಿಗಳನ್ನೇ ಹೆಚ್ಚುವರಿ ಹೊಣೆಯಲ್ಲಿ ಕೂರಿಸುವ ಬದಲು ಪೂರ್ಣಾವಧಿಯ, ಸ್ವತಂತ್ರ ಮನಸ್ಸಿನವರನ್ನು ನೇಮಿಸಿ. ಕಿರಾಣಿ ಅಂಗಡಿಯವರು ಹೆದರಬೇಕಾಗಿಲ್ಲ. ಈ ಅಧಿಕಾರ ಬಹುಸಂಖ್ಯೆಯ ಗ್ರಾಹಕರಿಗೆ ಒಂದೇ ರೀತಿಯಲ್ಲಿ ಅನ್ಯಾಯವಾದ ಪ್ರಕರಣಗಳಿಗೆ ಮಾತ್ರ ಎಂದು ಕಾಯ್ದೆಯಲ್ಲೇ ಬರೆಯಬಹುದು. ಸರಿಯಾದ ತೂಕ ಕೊಡುವ ಅಂಗಡಿಯವನಿಗೆ ಇಂದು ಅತಿ ದೊಡ್ಡ ಪೆಟ್ಟು ಬೀಳುತ್ತಿರುವುದೇ, ಮೋಸದ ಹಣದಲ್ಲಿ ರಿಯಾಯಿತಿ ಹಂಚುವವನಿಂದ.

ಮತ್ತೊಂದು ಸಣ್ಣ ಕೋರಿಕೆ. ಪ್ರಾಧಿಕಾರಕ್ಕೆ ಪ್ರಾದೇಶಿಕ ಕಚೇರಿಗಳನ್ನು ತೆರೆಯಲು ಕಾಯ್ದೆಯಲ್ಲಿ ಅವಕಾಶವಿದೆ. ಜಿಲ್ಲೆಯಲ್ಲಿ ವಿಚಾರಣೆಯ ಹೊಣೆ ಜಿಲ್ಲಾಧಿಕಾರಿಗಳದು ಎಂದಿದೆ, ಬರ, ನೆರೆ, ಚುನಾವಣೆಗಳ ನಡುವೆ ಅವರಿಗೆ ಇದಕ್ಕೆ ಪುರುಸೊತ್ತು ಎಲ್ಲಿ? ಕರ್ನಾಟಕದಲ್ಲಿ ಒಂದು ಪೂರ್ಣ ಪ್ರಮಾಣದ ಕಚೇರಿ ಬರಲಿ. ಹುಬ್ಬಳ್ಳಿಯಲ್ಲಾದರೆ ನಮ್ಮ ಕಡೆಯವರು ಬೆಳಗ್ಗೆ ಹೋಗಿ ಸಂಜೆಗೆ ಮರಳಬಹುದು.

ತಿದ್ದುಪಡಿಯ ಕರಡು ಸಿದ್ಧವಾದಾಗ ಅದನ್ನು ಕನ್ನಡದಲ್ಲೂ ಪ್ರಕಟಿಸಿ, ಅಭಿಪ್ರಾಯ ತಿಳಿಸಲು ಕನಿಷ್ಠ ಎರಡು ತಿಂಗಳು ಕೊಡಿ. ಜಗಲಿಗೆ ಬರುವವರಿಗೆ ನಾನೇ ಓದಿ ಹೇಳುತ್ತೇನೆ, ಅವರು ಹೇಳಿದ್ದನ್ನು ಬರೆದು ಕಳುಹಿಸುತ್ತೇನೆ. ಹೊಲಿಗೆಯ ತಾಯಿಯ ಪಾಸ್‌ಬುಕ್ಕಿನ ಎರಡು ಪುಟಗಳ ನಕಲು, ಹೆಸರು ಮತ್ತು ಖಾತೆ ಸಂಖ್ಯೆ ಮರೆಮಾಡಿ, ಅವರ ಒಪ್ಪಿಗೆಯ ಮೇಲೆ ತಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಕಡಿತವಾದ ಹನ್ನೊಂದು ಸಾಲುಗಳಿಗೂ ಅವರೇ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ. ಮೂರು ಗೆರೆಗಳ ಪಕ್ಕದಲ್ಲಿ ‘ಬಂತು’ ಎಂದು ಬರೆದಿದ್ದಾರೆ. ಉಳಿದ ಎಂಟರ ಪಕ್ಕ ಜಾಗ ಬಿಟ್ಟಿದ್ದಾರೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ
ರಾಣೆಬೆನ್ನೂರು, ಹಾವೇರಿ ಜಿಲ್ಲೆ